ನಡುಸೇತುವೆಯವರೆಗೆ

ಹ್ವಾರೆಸ್ ಊರಿನಲ್ಲಿ ಎವರಿಸ್ತೋ ಲುಹಾನ್ ಎಂದು ಕೇಳಿದರೆ ಹೆಚ್ಚಿನವರು ಯಾರೆಂದು ಯೋಚಿಸಬೇಕಾಗುತ್ತಿತ್ತು. ಬೋರ್ಡ್ ಬರೆಯುವ ಮುದುಕ ಎಂದರೆ ಥಟ್ಟನೆ ಗೊತ್ತಾಗುತ್ತಿತ್ತು. ಟೈರ್ ಅಂಗಡಿಯವರು, ಹಲ್ಲಿನ ಡಾಕ್ಟರು, ಕೆಂಡದ ಮೇಲೆ ಕೋಳಿ ಸುಡುವವರು, ಮದುವಣಗಿತ್ತಿಯ ಉಡುಪನ್ನು ಬಾಡಿಗೆಗೆ ಕೊಡುವವರು, ಯಾರ ಗೋಡೆಗೆ ಅಕ್ಷರ ಬೇಕಾದರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಅವನು ಏಣಿಯನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಗೋಡೆಗೆ ಬಿಗಿಹಿಡಿದು ಚಿಮ್ಮಿಸಿ, ಬಿದ್ದ ಗೆರೆಯ ಮೇಲೆ ಕುಂಚ ಊರಿದನೆಂದರೆ ಕೆಲಸ ಮುಗಿಯುವ ತನಕ ಯಾರೊಂದಿಗೂ ಮಾತಿಲ್ಲ.

ಏಣಿಯ ಮೇಲಿನಿಂದ ಆಚೆ ದಡ ಕಾಣುತ್ತಿತ್ತು. ನಡುವಿನ ನದಿ ಹೆಸರಿಗಷ್ಟೇ ನದಿ, ಸಿಮೆಂಟಿನ ಕಾಲುವೆಯಲ್ಲಿ ಹರಿಯುವ ಒಂದಿಷ್ಟು ಕೆಸರುನೀರು. ಈಚೆ ಮೆಕ್ಸಿಕೋ. ಆಚೆ ಎತ್ತರದ ಬೇಲಿ, ಬೇಲಿಯ ಹಿಂದೆ ಅಮೆರಿಕದ ಎಲ್ ಪಾಸೋ. ಎವರಿಸ್ತೋ ಬೆಳೆದದ್ದು ಅಲ್ಲಿ. ಅವನ ತಾಯಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಸೇತುವೆ ದಾಟಿದಾಗ ಅವನಿನ್ನೂ ತೊದಲುತ್ತಿದ್ದ. ಆಕೆ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದಳು. ಅವನು ಅಲ್ಲೇ ಶಾಲೆಗೆ ಹೋದ, ಅಲ್ಲೇ ಜಗಳವಾಡಿದ, ಅಲ್ಲೇ ಮೊದಲ ಸಲ ಒಬ್ಬಳ ಕೈ ಹಿಡಿದು ಸಿನಿಮಾಕ್ಕೆ ಹೋದ. ಆ ದೇಶದಲ್ಲಿ ನೆಲೆಸಿರಲು ಪರವಾನಗಿಯಿತ್ತು, ಪೌರತ್ವ ಇರಲಿಲ್ಲ. ಅದೊಂದು ದೊಡ್ಡ ವ್ಯತ್ಯಾಸವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೀಸೆ ಸರಿಯಾಗಿ ಬರುವ ಮೊದಲೇ ವಿಯೆಟ್ನಾಂ ಯುದ್ಧಕ್ಕೆ ಕರೆ ಬಂತು. ಬಲಗೈ ಎತ್ತಿ ಪ್ರತಿಜ್ಞೆ ಮಾಡಿದ. ಅಲ್ಲಿಗೆ ತಾನು ಆ ದೇಶದವನಾದೆ ಎಂದುಕೊಂಡ.

ಕಾಡಿನಲ್ಲಿ ಬೆನ್ನ ಮೇಲೆ ರೇಡಿಯೋ ಪೆಟ್ಟಿಗೆ ಹೊತ್ತು ನಡೆಯುವುದು ಅವನ ಕೆಲಸವಾಗಿತ್ತು. ಹಿಂದಿರುಗಿದಾಗ ಎದೆಗೊಂದು ಪದಕ ಬಂದಿತ್ತು, ಕಿವಿಯೊಳಗೆ ಎಂದೂ ನಿಲ್ಲದ ಒಂದು ಕೊರೆತ ಸೇರಿಕೊಂಡಿತ್ತು. ಮನೆಗಳಿಗೆ ಬಣ್ಣ ಬಳಿದು ಬದುಕಿದ. ಮದುವೆಯಾದ. ಆ ಕೊರೆತವನ್ನು ಮರೆಯಲು ಕುಡಿದ, ಕುಡಿತ ಸಾಲದಾದಾಗ ಅದಕ್ಕಿಂತ ಕೆಟ್ಟದ್ದಕ್ಕೆ ಕೈ ಹಾಕಿದ. ಹೆಂಡತಿ ಬಿಟ್ಟು ಹೋದಳು. ಕೊನೆಗೊಮ್ಮೆ ಪರಿಚಯದವನೊಬ್ಬನ ಕಾರನ್ನು ಬೇರೆ ಊರಿಗೆ ಮುಟ್ಟಿಸಲು ಒಪ್ಪಿಕೊಂಡ. ಬಾಗಿಲಿನ ತಗಡಿನೊಳಗೆ ಮಾದಕವಸ್ತು ಇದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಅವನು ಮುಂದೆಂದೂ ಯಾರಿಗೂ ಹೇಳಲಿಲ್ಲ. ಸಿಕ್ಕಿಬಿದ್ದ, ಜೈಲು ಅನುಭವಿಸಿದ. ಬಿಡುಗಡೆಯ ದಿನ ಗೇಟಿನಲ್ಲಿ ತಾಯಿ ಕಾಯುತ್ತಿರುತ್ತಾಳೆಂದುಕೊಂಡರೆ, ವಲಸೆ ಇಲಾಖೆಯವರು ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನೀನು ಈ ದೇಶದವನಲ್ಲ ಎಂದರು. ಸೇತುವೆಯ ಬುಡದಲ್ಲಿ ಇಳಿಸಿ ನಡೆ ಎಂದರು. ಜೈಲಿನಲ್ಲಿ ಬಿಚ್ಚಿಸಿಕೊಂಡಿದ್ದ ಶೂಗಳ ಲೇಸು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು. ಐವತ್ತು ದಾಟಿದ ಮನುಷ್ಯ, ಸಡಿಲ ಶೂಗಳನ್ನು ಎಳೆದುಕೊಂಡು, ತಾನು ಹುಟ್ಟಿದ ದೇಶಕ್ಕೆ ಪರಕೀಯನಂತೆ ನಡೆದು ಬಂದ.

ಮೊದಮೊದಲು ತಾಯಿ ಪ್ರತಿ ಭಾನುವಾರ ಸೇತುವೆ ದಾಟಿ, ಡಬ್ಬಿಯಲ್ಲಿ ಸಾರು ತುಂಬಿಕೊಂಡು ಬರುತ್ತಿದ್ದಳು. ಆಮೇಲೆ ಮಂಡಿನೋವು ಹೆಚ್ಚಿತು, ಬರುವುದು ನಿಂತಿತು. ಆಕೆ ತೀರಿಕೊಂಡ ಸುದ್ದಿ ಬಂದ ದಿನ ಎವರಿಸ್ತೋ ಸೇತುವೆಯ ಬುಡದವರೆಗೆ ಹೋಗಿ, ಜನ ಹೋಗಿಬರುವುದನ್ನು ಸಾಯಂಕಾಲದವರೆಗೂ ನೋಡುತ್ತ ನಿಂತಿದ್ದು ಬಂದ.

ನಿಕಾನೋರ್ ಬುಸ್ತಿಯೋಸ್ ಸಿಕ್ಕಿದ್ದು ಅದರ ಮರುವರ್ಷ. ಕಾರ್ಖಾನೆಯೊಂದರ ಗೇಟಿನೆದುರು ತಳ್ಳುಗಾಡಿ ಇಟ್ಟುಕೊಂಡು ಬುರ್ರಿತೋ ಮಾರುತ್ತಿದ್ದ ಗಿಡ್ಡನೆಯ, ಅಗಲ ಭುಜದ ಮನುಷ್ಯ. ಗೋಧಿ ರೊಟ್ಟಿಯೊಳಗೆ ಮಾಂಸ, ಬೇಯಿಸಿದ ಕಾಳು, ಮೆಣಸಿನಕಾಯಿ ಸುತ್ತಿ ಬಿಸಿ ಆರದಂತೆ ಡಬ್ಬದಲ್ಲಿಟ್ಟಿರುತ್ತಿದ್ದ. ಗಾಡಿಯ ಮೇಲೆ ಹೆಸರು ಬರೆಸಬೇಕೆಂದು ಎವರಿಸ್ತೋನನ್ನು ಕರೆಸಿದ. ಅರ್ಧ ಬರೆಯುವಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಈ ಅಕ್ಷರ ಎಲ್ಲಿ ಕಲ್ತೆ?"

"ಎಲ್ಲೋ ಕಲ್ತೆ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗೇನೋ ಇದೆ. ಆದ್ರೆ ಗುಂಡಿನ ಪೆಟ್ಟಿಗೆ ಮೇಲೆ ಇರ್ತಿತ್ತಲ್ಲ, ಥೇಟ್ ಹಂಗೇ ಇದೆ. ನನ್ನ ಬುರ್ರಿತೋ ಕಚ್ಚಿದ್ರೆ ಸಿಡಿಯುತ್ತೆ ಅಂದ್ಕೊಂಡು ಹುಡ್ಗೀರೆಲ್ಲ ಓಡ್ಹೋಗ್ತಾರೆ."

ಎವರಿಸ್ತೋ ಕುಂಚವನ್ನು ಡಬ್ಬಿಯೊಳಗಿಟ್ಟು ತಿರುಗಿದ. ಗುಂಡಿನ ಪೆಟ್ಟಿಗೆಯ ಅಕ್ಷರ ಈ ಊರಿನಲ್ಲಿ ಇನ್ಯಾರಿಗೆ ಗೊತ್ತಿರಬೇಕು? ನಿಕಾನೋರ್ ಅವನ ಮುಖವನ್ನು ಒಂದು ಗಳಿಗೆ ನೋಡಿ, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ:

"ನಿನ್ನ ಯಾವಾಗ ಎಸೆದ್ರು?"

ಆ ದಿನ ಗಾಡಿಯ ಮೇಲಿನ ಹೆಸರು ಅರ್ಧಕ್ಕೇ ನಿಂತಿತು. ನಿಕಾನೋರ್ ಕೂಡ ವಿಯೆಟ್ನಾಂನಲ್ಲಿದ್ದವನು, ಗಾಯಗೊಂಡವರನ್ನು ಹೊತ್ತು ತರುವ ದಳದವನು. ಮನೆಗೆ ಬಂದ ಮೇಲೆ ಕುಡಿತ, ಹೊಡೆದಾಟ, ಜೈಲು, ಸೇತುವೆ. ಕಥೆಯಲ್ಲಿ ಊರಿನ ಹೆಸರು ಬೇರೆ, ಮಿಕ್ಕಿದ್ದೆಲ್ಲ ಒಂದೇ. ಇಬ್ಬರೂ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಮಾರಾಟವಾಗದೆ ಉಳಿದ ಬುರ್ರಿತೋ ತಿಂದರು.

ಇಂಥವರು ಊರಲ್ಲಿ ಇನ್ನೂ ಇದ್ದಾರೆಂದು ಗೊತ್ತಾಗುತ್ತ ಹೋಯಿತು. ಟೈರಿಗೆ ಪಂಕ್ಚರ್ ಹಾಕುವ ತಾಚೋ ಎಂಬವನೊಬ್ಬ. ಮರುಭೂಮಿಯ ಕೊಲ್ಲಿ ಯುದ್ಧಕ್ಕೆ ಹೋಗಿಬಂದವನು, ಇವರಿಗಿಂತ ಚಿಕ್ಕವನು, ಮಾತು ಕಡಿಮೆ. ಅವನ ಅಂಗಡಿಯ ಹಿಂದೆ ಒಂದು ಕೋಣೆಯಿತ್ತು. ಹಳೆಯ ಟೈರುಗಳನ್ನು ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಕಾಫಿಗೊಂದು ಒಲೆ ಇಟ್ಟರು. ಪ್ರತಿ ಶನಿವಾರ ಅಲ್ಲಿ ಸೇರುವುದಾಯಿತು. ಸೇತುವೆ ದಾಟಿ ಹೊಸದಾಗಿ ಬಂದವನು ದಾರಿ ಕಾಣದೆ ನಿಂತಿದ್ದರೆ ಆ ಕೋಣೆಗೆ ಕರೆತಂದು ಊಟ ಹಾಕುತ್ತಿದ್ದರು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಹೇಳಿಕೊಡುತ್ತಿದ್ದರು.

ಆಚೆ ದಡದಿಂದ ಎರ್ಲಿಂಡಾ ಕಿರೋಸ್ ಬರತೊಡಗಿದ್ದು ಆಗಲೇ. ಆಕೆ ಸೇನೆಯಲ್ಲಿ ದಾದಿಯಾಗಿದ್ದವಳು, ಎಲ್ ಪಾಸೋದ ಮಾಜಿ ಸೈನಿಕರ ಸಂಘವೊಂದನ್ನು ನಡೆಸುತ್ತಿದ್ದಳು. ಅದು ಹಳೆಯ ಸಂಘ. ಎರಡನೇ ಮಹಾಯುದ್ಧ ಮುಗಿಸಿ, ಎದೆ ತುಂಬ ಪದಕ ತೊಟ್ಟು ಬಂದರೂ ತಮ್ಮದೇ ಊರಿನ ಹೋಟೆಲಿನಲ್ಲಿ ಊಟ ಸಿಗದೆ, ಕ್ಷೌರದಂಗಡಿಯಲ್ಲಿ ಕುರ್ಚಿ ಸಿಗದೆ ಅವಮಾನಗೊಂಡ ಮೆಕ್ಸಿಕನ್ ಮೂಲದ ಸೈನಿಕರು ಕಟ್ಟಿದ್ದು. ಈಗ ಅವರ ಮಕ್ಕಳೇ ಮುದುಕರಾಗಿದ್ದರು. ಎರ್ಲಿಂಡಾ ರಕ್ತದೊತ್ತಡದ ಮಾತ್ರೆ, ಉಣ್ಣೆಯ ಕಾಲುಚೀಲ, ಕನ್ನಡಕ ಎಲ್ಲ ತರುತ್ತಿದ್ದಳು. ಜೊತೆಗೆ ಬೈಗುಳವನ್ನೂ ತರುತ್ತಿದ್ದಳು.

"ಏನೋ ನಿಕಾನೋರ್, ಮಾತ್ರೆ ಹಂಗೇ ಇದೆ? ನುಂಗ್ತೀಯೋ, ಬುರ್ರಿತೋ ಒಳಗಿಟ್ಟು ಮಾರ್ತೀಯೋ?"

"ಡೋನ್ಯಾ ಎರ್ಲಿಂಡಾ, ನೀವು ಬೈದ್ರೇನೇ ನನ್ನ ಬೀಪಿ ಇಳಿಯುತ್ತೆ. ಮಾತ್ರೆ ಯಾಕೆ ಸುಮ್ನೆ?"

ಡೋನ್ಯಾ ಎಂದು ಗೌರವದಿಂದ ಕರೆದು ಅವಳನ್ನು ಗೇಲಿ ಮಾಡುವ ಧೈರ್ಯವಿದ್ದದ್ದು ನಿಕಾನೋರನಿಗೊಬ್ಬನಿಗೇ.

ಪ್ರತಿ ನವೆಂಬರಿನಲ್ಲಿ, ಮಾಜಿ ಸೈನಿಕರ ದಿನದಂದು, ಇವರು ಹಳೆಯ ಸಮವಸ್ತ್ರ ತೊಟ್ಟು ಸೇತುವೆಯ ಈ ಬುಡದಲ್ಲಿ ನಿಲ್ಲುತ್ತಿದ್ದರು. ಸಂಘದವರು ಆ ಬುಡದಲ್ಲಿ ನಿಲ್ಲುತ್ತಿದ್ದರು. ಎವರಿಸ್ತೋ ಉದ್ದನೆಯ ಬಟ್ಟೆಯ ಮೇಲೆ 'ನಾವು ನಿಮ್ಮ ಸೈನಿಕರೇ' ಎಂದು ಬರೆದಿದ್ದ. ಎರ್ಲಿಂಡಾ ಇವರ ಭಾವಚಿತ್ರಗಳನ್ನು ಹಿಡಿದುಕೊಂಡು ರಾಜಧಾನಿಯವರೆಗೂ ಹೋಗಿ, ಕಂಡ ಕಂಡ ಪ್ರತಿನಿಧಿಗಳ ಬಾಗಿಲು ತಟ್ಟಿ ಬಂದಳು. ಒಮ್ಮೆ ಪತ್ರಕರ್ತನೊಬ್ಬ ಎವರಿಸ್ತೋನನ್ನು ಕೇಳಿದ, ನೀವೆಲ್ಲ ಜೈಲಿಗೆ ಹೋದವರಲ್ಲವೇ ಎಂದು.

"ಹೋಗಿದ್ವಿ" ಎಂದ ಎವರಿಸ್ತೋ. "ನನ್ನ ಪಕ್ಕದ ಕೋಣೇಲಿ ಇದ್ದೋನೂ ಅದೇ ತಪ್ಪಿಗೆ ಬಂದಿದ್ದ. ಅವ್ನು ಶಿಕ್ಷೆ ಮುಗಿಸಿ ಮನೆಗೋದ. ನನಗೆ ಮನೇನೇ ಕಿತ್ಕೊಂಡ್ರು."

ಸಂಘದೊಳಗೂ ಎಲ್ಲರೂ ಇದನ್ನು ಮೆಚ್ಚುತ್ತಿರಲಿಲ್ಲ. ಫೌಸ್ತೀನೋ ಅರ್ಮೆಂದಾರಿಸ್ ಎಂಬ ಹಿರಿಯ, ಕೊರಿಯಾದ ಹಿಮದಲ್ಲಿ ಕಾಲಿನ ಬೆರಳುಗಳನ್ನು ಕಳೆದುಕೊಂಡವನು, ಒಂದು ಸಲವೂ ಈಚೆಗೆ ಬರಲಿಲ್ಲ. ನಮ್ಮಪ್ಪಂದಿರು ಮರ್ಯಾದೆಗೋಸ್ಕರ ಹೋರಾಡಿದರು, ಇವರು ಮರ್ಯಾದೆ ಕಳೆದುಕೊಂಡವರು ಎನ್ನುತ್ತಿದ್ದನಂತೆ. ಎರ್ಲಿಂಡಾ ಆ ಮಾತನ್ನು ಮುಚ್ಚಿಡಲಿಲ್ಲ, ಬಂದು ಹೇಳಿದಳು. ನಿಕಾನೋರ್ ನಕ್ಕ. ಎವರಿಸ್ತೋ ನಗಲಿಲ್ಲ.

ನಿಕಾನೋರನ ಕಣ್ಣಿನ ಬಿಳಿ ಹಳದಿಯಾಗತೊಡಗಿದ್ದನ್ನು ಮೊದಲು ನೋಡಿದ್ದು ತಾಚೋ. ಯಕೃತ್ತು ಕೆಟ್ಟಿತ್ತು. ಬೊಜ್ಜಿಲ್ಲದ ಮನುಷ್ಯನಿಗೆ ಹೊಟ್ಟೆ ಮಾತ್ರ ಗುಡಾಣದಂತೆ ಊದಿಕೊಂಡಿತು. ಊರ ಆಸ್ಪತ್ರೆಯ ಮಹಡಿಯ ಕಿಟಕಿಯಿಂದ ನೋಡಿದರೆ, ಆಚೆ ದಡದ ಬೆಟ್ಟದ ಮಗ್ಗುಲಲ್ಲಿ ಅಮೆರಿಕದ ಸೈನಿಕರ ಆಸ್ಪತ್ರೆಯ ಕಟ್ಟಡ ಕಾಣುತ್ತಿತ್ತು. ಅಲ್ಲಿ ಅವನಿಗೆ ಚಿಕಿತ್ಸೆಯ ಹಕ್ಕಿತ್ತು. ಅಲ್ಲಿಗೆ ಹೋಗುವ ಹಕ್ಕಿರಲಿಲ್ಲ. ಚಿಕಿತ್ಸೆಗಾಗಿ ಒಂದಷ್ಟು ದಿನ ಒಳಗೆ ಬಿಡಿ ಎಂದು ಎರ್ಲಿಂಡಾ ಬೇಡಿಕೊಂಡಳು, ಜಗಳವಾಡಿದಳು, ವಕೀಲರನ್ನು ಹಿಡಿದಳು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ತಿಂಗಳಾದ ಮೇಲೆ ಕೇಳಿದರೂ ಅದೇ ಉತ್ತರ.

ಎವರಿಸ್ತೋ ದಿನಾ ಮಧ್ಯಾಹ್ನ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಿ, ಗೆಳೆಯನ ಗಡ್ಡ ಬೋಳಿಸಿ, ಕಾಲು ಒತ್ತಿ ಬರುತ್ತಿದ್ದ.

"ನೀನ್ಯಾಕೆ ಇಷ್ಟು ಸಪ್ಪಗಿದ್ದೀಯ ಕಣೋ?" ಎಂದ ನಿಕಾನೋರ್ ಒಂದು ದಿನ. "ನಂಗೆ ದಾರಿ ಸಿಕ್ತು. ಸತ್ತೋರ್ನ ಒಳಗ್ ಬಿಡ್ತಾರೆ. ಬಾವುಟ ಹೊದಿಸ್ತಾರೆ, ಕಹಳೆ ಊದ್ತಾರೆ, ಸೈನಿಕರ ಸ್ಮಶಾನದಲ್ಲೇ ಜಾಗ ಕೊಡ್ತಾರೆ. ನನ್ನ ಕಾಲರ್ ಹಿಡಿದು ಹೊರಗೆ ನೂಕ್ದೋರೇ ಎದ್ದು ನಿಂತು ಸೆಲ್ಯೂಟ್ ಹೊಡೀಬೇಕು."

"ಸುಮ್ನಿರೋ."

"ಸುಮ್ನೇ ಇರ್ತೀನಿ, ಇನ್ನೇನು ಹತ್ರ ಬಂತು. ನೀನು ಮಾತ್ರ ಅವಸರ ಮಾಡ್ಬೇಡ. ಬದುಕಿದ್ದಾಗ್ಲೇ ಒಬ್ಬನಾದ್ರೂ ದಾಟ್ಬೇಕು ನಮ್ಮಲ್ಲಿ. ತಾಚೋಗೆ ಆಗಲ್ಲ, ಅವ್ನಿಗೆ ಆ ಛಲ ಇಲ್ಲ."

ಮೂರು ದಿನ ಕಳೆದು, ಮಧ್ಯಾಹ್ನದ ಊಟದ ತಟ್ಟೆಗಳನ್ನು ತೆಗೆಯುವ ಹೊತ್ತಿನಲ್ಲಿ ನಿಕಾನೋರ್ ಹೋದ. ಎವರಿಸ್ತೋ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಎಳೆದಿದ್ದರು.

ಅವನನ್ನು ಆಚೆ ಒಯ್ಯಲು ಮನೆಯವರ ಒಪ್ಪಿಗೆ ಬೇಕಿತ್ತು. ನಿಕಾನೋರನಿಗೆ ನಿಡಿಯಾ ಎಂಬ ಮಗಳಿದ್ದಳು, ಅಮೆರಿಕದ ಅಲ್ಬುಕರ್ಕಿಯಲ್ಲಿ. ಅಪ್ಪ, ಮಗಳು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಎರ್ಲಿಂಡಾ ನಂಬರು ಹುಡುಕಿ ಕೊಟ್ಟು, ನೀನೇ ಮಾತಾಡು, ನಾನು ಮಾತಾಡಿದರೆ ಕಚೇರಿಯವಳಂತೆ ಕೇಳಿಸುತ್ತದೆ ಎಂದಳು. ಎವರಿಸ್ತೋ ಪಂಕ್ಚರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಫೋನ್ ಮಾಡಿದ.

"ನಾನು ನಿಮ್ಮಪ್ಪನ ಸ್ನೇಹಿತ" ಎಂದ.

"ಅವ್ರಿಗೆ ಸ್ನೇಹಿತರಿಗೇನು ಕಮ್ಮಿ? ನಮ್ಮ ಅಡುಗೆಮನೇಲಿ ಬೆಳಗ್ಗೆವರೆಗೂ ಕುಡೀತಾ ಕೂತಿರೋರು. ನೀವೂ ಅವ್ರಲ್ಲೊಬ್ರಾ?"

"ಅಲ್ಲಮ್ಮ. ಕುಡಿಯೋದು ಬಿಟ್ಮೇಲೆ ಸಿಕ್ಕಿದೋನು ನಾನು."

ಆ ಕಡೆ ಎಲ್ಲೋ ಮಗುವೊಂದು ಅಳುತ್ತಿತ್ತು.

"ಬಿಟ್ಟಿದ್ರಾ?" ಎಂದಳು ನಿಡಿಯಾ.

"ಬಿಟ್ಟಿದ್ದ. ನನ್ನ ಕೈಲೂ ಬಿಡಿಸ್ದ."

"ನನಗೆ ಬರೋಕಾಗಲ್ಲ. ಸುಳ್ಳು ಹೇಳಲ್ಲ, ಬರೋಕೆ ಇಷ್ಟಾನೂ ಇಲ್ಲ. ನಾನೇನು ಮಾಡ್ಬೇಕು, ಅಷ್ಟು ಹೇಳಿ."

"ಒಪ್ಪಿಗೆ ಅಂದ್ರೆ ಸಾಕಮ್ಮ. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಒಪ್ಪಿಗೆ" ಎಂದು ಆಕೆ ಫೋನ್ ಇಟ್ಟಳು.

ನಿಕಾನೋರನನ್ನು ದಾಟಿಸಿದ ದಿನ ಬೆಳಗಿನಿಂದಲೇ ಧೂಳಿನ ಗಾಳಿ. ಶವದ ವ್ಯಾನು ಸೇತುವೆಯ ಮೇಲೆ ಇತರ ಗಾಡಿಗಳ ಸಾಲಿನಲ್ಲಿ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಪಕ್ಕದ ಕಾಲುದಾರಿಯಲ್ಲಿ ಎವರಿಸ್ತೋ ಮತ್ತು ತಾಚೋ ಅದರ ಸರಿಸಮಕ್ಕೆ ನಡೆದರು. ಎವರಿಸ್ತೋನ ಸಮವಸ್ತ್ರದ ಕೋಟಿಗೆ ಗುಂಡಿ ಹಾಕಲು ಬರುತ್ತಿರಲಿಲ್ಲ, ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಶಾಲೆಗೆ, ಅಂಗಡಿಗೆ, ಮನೆಗೆಲಸಕ್ಕೆಂದು ಆಚೆ ಹೋಗುವ ಜನ ಇವರನ್ನು ಸವರಿಕೊಂಡು ಮುಂದೆ ಹೋಗುತ್ತಿದ್ದರು.

ಸೇತುವೆಯ ನಟ್ಟನಡುವೆ ಒಂದು ಲೋಹದ ಫಲಕವಿದೆ. ಅದರ ಈ ಪಕ್ಕ ಒಂದು ದೇಶ, ಆ ಪಕ್ಕ ಇನ್ನೊಂದು. ಅಲ್ಲಿ ಅಮೆರಿಕದ ಇಬ್ಬರು ಅಧಿಕಾರಿಗಳು ನಿಂತಿದ್ದರು. ಅವರ ಹಿಂದೆ ಸಂಘದ ಟೊಪ್ಪಿಗೆ ತೊಟ್ಟ ನಾಲ್ಕೈದು ಮುದುಕರು, ಮುಂದೆ ಎರ್ಲಿಂಡಾ. ಗೆರೆ ದಾಟುತ್ತಲೇ ವ್ಯಾನು ನಿಂತಿತು, ಹಿಂದಿನ ಬಾಗಿಲು ತೆರೆಯಿತು. ಎರ್ಲಿಂಡಾ ಬಾವುಟ ಬಿಚ್ಚಿದಳು. ಗಾಳಿಗೆ ಅದು ಅವಳ ಕೈಯಿಂದ ಕಿತ್ತುಕೊಂಡು ಹೋಗುವಂತಾದಾಗ, ಮುದುಕರಲ್ಲೊಬ್ಬ ಕುಂಟುತ್ತ ಮುಂದೆ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಪೆಟ್ಟಿಗೆಯ ಮೇಲೆ ಹಾಸಿ, ಅಂಚುಗಳನ್ನು ಎಳೆದು ಸರಿಮಾಡಿದರು. ಕುಂಟುತ್ತಿದ್ದವನು ಫೌಸ್ತೀನೋ ಎಂದು ಎವರಿಸ್ತೋನಿಗೆ ಆಗ ಹೊಳೆಯಿತು.

ಎವರಿಸ್ತೋ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಒಂದು ಹೆಜ್ಜೆ ಮುಂದೆ ಬಂದಿದ್ದನೇನೋ, ಅಧಿಕಾರಿ ಕೈ ಅಡ್ಡ ಹಿಡಿದು, "ಸರ್, ಹಿಂದಕ್ಕೆ ನಿಲ್ಲಿ" ಎಂದ. ಒರಟಾಗಿ ಹೇಳಲಿಲ್ಲ. ಫೌಸ್ತೀನೋ ಗೆರೆಯ ಆ ಬದಿಯಿಂದ ಎವರಿಸ್ತೋನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಕಾಲರ್ ಮಡಚಿದೆ. ಸರಿ ಮಾಡ್ಕೋ" ಎಂದಷ್ಟೇ ಹೇಳಿ ತಿರುಗಿದ.

ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗಿದ್ದರು. ವ್ಯಾನು ಇಳಿಜಾರಿನಲ್ಲಿ ಇಳಿದು ಮರೆಯಾಯಿತು. ತಾಚೋ ಅಂಗಡಿ ತೆರೆಯಬೇಕೆಂದು ಹೊರಟ. ಎವರಿಸ್ತೋ ಅಲ್ಲೇ ಕಂಬಿಗೆ ಒರಗಿ, ಫೋನನ್ನು ಕಿವಿಗೊತ್ತಿಕೊಂಡು ನಿಂತ. ಸ್ಮಶಾನದಲ್ಲಿ ಎರ್ಲಿಂಡಾ ತನ್ನ ಫೋನನ್ನು ತೆರೆದು ಹಿಡಿದಿರುತ್ತೇನೆಂದು ಮಾತು ಕೊಟ್ಟಿದ್ದಳು. ಮೊದಲು ಗಾಳಿಯ ಸದ್ದು ಮಾತ್ರ ಬಂತು. ಆಮೇಲೆ ಪಾದ್ರಿಯ ಗೊಣಗು. ಗುಂಡು ಹಾರಿಸಿದಾಗ ಫೋನು ಚಿಟಚಿಟ ಎಂದಿತು, ಒಣಕಡ್ಡಿ ಮುರಿದ ಹಾಗೆ. ಕಹಳೆ ಚೆನ್ನಾಗಿಯೇ ಕೇಳಿಸಿತು. ನಡುವೆ ಯಾರೋ ಒಬ್ಬಳು ಹೆಂಗಸು, "ಅಜ್ಜ, ದಾರಿ ಬಿಡಿ" ಎಂದು ತರಕಾರಿ ಚೀಲ ತೂರಿಸಿಕೊಂಡು ಹೋದಳು.

ನಿಕಾನೋರ್ ಹೋದ ಮೇಲೆ ಶನಿವಾರಗಳು ಖಾಲಿಯಾಗತೊಡಗಿದವು. ಕೆಲವರು ಕೆಲಸ ಹುಡುಕಿಕೊಂಡು ದಕ್ಷಿಣದ ಊರುಗಳಿಗೆ ಹೋದರು. ತಾಚೋನಿಗೆ ಚಿವಾವಾದಲ್ಲಿ ಅಕ್ಕನಿದ್ದಳು. ಸೊಂಟ ಹಿಡಿದುಕೊಂಡು ಟೈರು ಎತ್ತಲಾಗದೆ ಅಂಗಡಿಯನ್ನು ಇನ್ನೊಬ್ಬನಿಗೆ ಬಿಟ್ಟು ಅಲ್ಲಿಗೆ ಹೊರಟ. ಹೋಗುವಾಗ, "ಕೋಣೆ ಕೀಲಿ ನಿನ್ಹತ್ರಾನೇ ಇರ್ಲಿ ಅಣ್ಣ. ಹೊಸಬನಿಗೆ ಹೇಳಿದ್ದೀನಿ, ತಕರಾರು ಮಾಡಲ್ಲ" ಎಂದ. ಅಪ್ಪಿಕೊಂಡು ಬೆನ್ನು ತಟ್ಟಿ ಬಸ್ಸು ಹತ್ತಿದ. ಕೊರೊನಾ ಬಂದ ಮೊದಲ ಚಳಿಗಾಲದಲ್ಲಿ ಅವನೂ ಇಲ್ಲವೆಂದು ಅಕ್ಕ ಫೋನ್ ಮಾಡಿದಳು. ಅವನನ್ನು ಆಚೆ ಒಯ್ಯಲು ಆಗ ಯಾರಿಂದಲೂ ಆಗಲಿಲ್ಲ. ಅಲ್ಲೇ ಮಣ್ಣು ಮಾಡಿದರು.

ಎವರಿಸ್ತೋನ ಕೆಲಸವೂ ಕಡಿಮೆಯಾಯಿತು. ಎಲ್ಲರಿಗೂ ಫ್ಲೆಕ್ಸ್ ಬೇಕಾಗಿತ್ತು. ಆದರೂ ಶನಿವಾರ ಬಂದರೆ ಕೋಣೆಯ ಬಾಗಿಲು ತೆರೆದು, ಕಸ ಗುಡಿಸಿ, ಕಾಫಿಗಿಟ್ಟು ಕುಳಿತುಕೊಳ್ಳುತ್ತಿದ್ದ. ಅಭ್ಯಾಸಬಲದಿಂದ ನೀರು ಯಾವಾಗಲೂ ಹೆಚ್ಚಾಗುತ್ತಿತ್ತು. ಉಳಿದ ಕಾಫಿಯನ್ನು ಪಂಕ್ಚರ್ ಅಂಗಡಿಯ ಹೊಸಬನಿಗೆ ಕೊಡುತ್ತಿದ್ದ. ಅವನು ಕುಡಿದು ಲೋಟ ಕೊಟ್ಟು ಹೋಗುತ್ತಿದ್ದ, ಕುಳಿತು ಮಾತಾಡುವ ಆಸಾಮಿಯಲ್ಲ. ಕೆಲವು ಸಂಜೆ ಎವರಿಸ್ತೋ ನಿಕಾನೋರನ ಧಾಟಿಯಲ್ಲಿ ತನಗೆ ತಾನೇ ಬೈದುಕೊಳ್ಳುವುದೂ ಉಂಟಾಯಿತು. ಹಾಗೆ ಬೈದುಕೊಂಡ ಮೇಲೆ ಕೋಣೆ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಒಂದು ದಿನ ಔಷಧಿ ಅಂಗಡಿಯ ಗೋಡೆಯ ಮೇಲೆ ಬರೆಯುತ್ತಿದ್ದಾಗ ಎರ್ಲಿಂಡಾಳ ಫೋನ್ ಬಂತು.

"ಎವರಿಸ್ತೋ, ಎಲ್ಲಿದ್ದೀಯ?"

"ಏಣಿ ಮೇಲೆ."

"ಇಳಿ."

"ಹೇಳಿ ಡೋನ್ಯಾ, ಕೇಳಿಸ್ತಿದೆ."

"ಮೊದ್ಲು ಇಳಿಯೋ ಮಾರಾಯ. ನೀನು ಬಿದ್ದು ಕಾಲು ಮುರ್ಕೊಂಡ್ರೆ ನಾನು ಇಷ್ಟು ವರ್ಷ ಓಡಾಡಿದ್ದೆಲ್ಲ ದಂಡ."

ಅವನು ಇಳಿದ. ಅಮೆರಿಕದಲ್ಲಿ ಸರ್ಕಾರ ಬದಲಾಗಿತ್ತು, ಹೊರಗೆ ಹಾಕಿದ ಸೈನಿಕರ ಪ್ರಕರಣಗಳನ್ನು ಮತ್ತೆ ನೋಡುತ್ತಿದ್ದರು, ಅವನ ಹೆಸರು ಪಾಸಾಗಿತ್ತು. ಎರ್ಲಿಂಡಾ ಹೇಳುತ್ತ ಹೇಳುತ್ತ ಅತ್ತಳು. ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಸಂತೋಷ ಬರುತ್ತದೆಂದು ಕಾದ. ಬಂದದ್ದು ಆಯಾಸ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಔಷಧಿ ಅಂಗಡಿಯ ಉಳಿದ ಅಕ್ಷರಗಳನ್ನು ಬರೆದು ಮುಗಿಸಿದ.

ದಾಟಿದ ದಿನ ಫಲಕದ ಬಳಿ ಅಧಿಕಾರಿ ಅವನ ಹೆಸರು ಓದಿ, ಮುಖ ನೋಡಿ, ಹೋಗಿ ಎಂದ. ಅಷ್ಟೇ. ಆ ಬುಡದಲ್ಲಿ ಎರ್ಲಿಂಡಾ ಊರುಗೋಲು ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಫೌಸ್ತೀನೋ ಗಾಲಿಕುರ್ಚಿಯಲ್ಲಿದ್ದ. ಸಂಘದ ಮಿಕ್ಕವರಲ್ಲಿ ಬಹುಪಾಲು ಜನ ಮಣ್ಣಿನಲ್ಲಿದ್ದರು. ಎರ್ಲಿಂಡಾ ಕಾರಿನಲ್ಲಿ ಅವನ ಹಳೆಯ ಕೇರಿಗೆ ಕರೆದುಕೊಂಡು ಹೋದಳು. ಮನೆಯಿದ್ದ ಕಡೆ ವಾಹನ ನಿಲ್ದಾಣವಾಗಿತ್ತು. ಅವನು ಕೆಳಗಿಳಿದು, ಅಂದಾಜಿನ ಮೇಲೆ ಅಡುಗೆಮನೆ ಇದ್ದಿರಬೇಕಾದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ. ಅಷ್ಟರಲ್ಲಿ ಯಾರೋ ಅಲ್ಲಿ ಕಾರು ನಿಲ್ಲಿಸಬೇಕೆಂದರು.

ಮರುದಿನ ಸ್ಮಶಾನ. ಮರಳುಗಲ್ಲಿನ ಪುಡಿ ಹಾಸಿದ ಬಯಲಿನಲ್ಲಿ ಒಂದೇ ಅಳತೆಯ ಬಿಳಿಯ ಕಲ್ಲುಗಳು ಕಣ್ಣು ಹಾಯುವವರೆಗೆ. ಒಬ್ಬ ಹೆಂಗಸು ನಿಕಾನೋರನ ಕಲ್ಲಿನೆದುರು ಕೈಕಟ್ಟಿ ನಿಂತಿದ್ದಳು, ಗಿಡ್ಡನೆಯ ಆಳು, ಅಗಲ ಭುಜ. ಎರ್ಲಿಂಡಾ ಹೇಳಿ ಕಳಿಸಿದ್ದಳೆಂದು ಕಾಣುತ್ತದೆ.

"ನಾನು ನಿಡಿಯಾ" ಎಂದಳು. "ಫೋನಲ್ಲಿ ಮಾತಾಡಿದ್ದು ನೀವೇನಾ?"

"ನಾನೇ ಅಮ್ಮ."

ಅವಳು ಮೊದಲೇ ಯೋಚಿಸಿಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿದಳು.

"ನನ್ನ ವಿಷ್ಯ ಮಾತಾಡ್ತಿದ್ರಾ?"

ಹೌದೆಂದುಬಿಡುವುದು ಸುಲಭವಿತ್ತು. ಎವರಿಸ್ತೋ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಲ್ಲಮ್ಮ. ಬೇರೆಯವರು ಮಕ್ಕಳ ಸುದ್ದಿ ತೆಗೆದ್ರೆ ಎದ್ದು ಹೊರಗೆ ಹೋಗ್ಬಿಡೋನು. ಗಾಡಿ ಒರೆಸ್ತಾ ನಿಂತಿರೋನು. ಒರೆಸಿದ್ದನ್ನೇ ಮತ್ತೆ ಒರೆಸೋನು."

ನಿಡಿಯಾ ತಲೆಯಾಡಿಸಿದಳು. ಗಾಡಿಯೇ? ಯಾವ ಗಾಡಿ? ಅಪ್ಪ ಬುರ್ರಿತೋ ಮಾರುತ್ತಿದ್ದದ್ದು ಅವಳಿಗೆ ತಿಳಿದಿರಲಿಲ್ಲ. ಅಡುಗೆ ಬರುತ್ತಿತ್ತೇ ಅವರಿಗೆ ಎಂದು ಕೇಳಿದಳು. ಉಪ್ಪು ಸ್ವಲ್ಪ ಜಾಸ್ತಿ, ಆದರೆ ಕಾರ್ಖಾನೆಯ ಹುಡುಗಿಯರು ಬೇರೆಯವನ ಗಾಡಿಗೆ ಹೋಗುತ್ತಿರಲಿಲ್ಲ ಎಂದ ಎವರಿಸ್ತೋ. ಸಾಲ ಹೇಳಿದವರಿಗೂ ಕೊಡುತ್ತಿದ್ದ, ಬೈದುಕೊಂಡು ಕೊಡುತ್ತಿದ್ದ. ಆಕೆ ನಗಲಿಲ್ಲ, ಅಳಲೂ ಇಲ್ಲ. ಇನ್ನೂ ಹೇಳಿ ಎಂಬಂತೆ ನಿಂತಿದ್ದಳು. ಅವನು ನೆನಪಾದದ್ದನ್ನೆಲ್ಲ ಹೇಳಿದ. ಬಿಸಿಲೇರಿದ ಮೇಲೆ ಅವಳು ಕೈ ಕುಲುಕಿ, ತುಂಬ ದೂರ, ಮತ್ತೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿ ಹೊರಟಳು. ಆಮೇಲೆ ಅವಳು ಬಂದದ್ದು ಅವನಿಗೆ ತಿಳಿಯದು.

ಸಂಘದಲ್ಲಿ ಒಂದು ಪದ್ಧತಿಯಿತ್ತು. ನವೆಂಬರಿನ ಸಭೆಯಲ್ಲಿ ತೀರಿಕೊಂಡ ಸದಸ್ಯರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಆ ಹೆಸರಿನವನ ಪರವಾಗಿ ಬದುಕಿರುವವರು "ಹಾಜರ್" ಎನ್ನುತ್ತಾರೆ. ನಿಕಾನೋರನ, ತಾಚೋನ ಹೆಸರನ್ನೂ ಕೂಗಬೇಕೆಂದು ಎವರಿಸ್ತೋ ಕೇಳಿದ. ಫೌಸ್ತೀನೋ ಒಪ್ಪಲಿಲ್ಲ.

"ಸೇತುವೆ ಮೇಲೆ ನೀವೇ ಬಾವುಟ ಹಿಡಿದ್ರಿ" ಎಂದ ಎವರಿಸ್ತೋ.

"ಹಿಡಿದೆ. ಸೈನಿಕ ಸತ್ತಿದ್ದ, ಹಿಡಿದೆ. ಹೂಳೋದು ಬೇರೆ, ಸಂಘದ ಹೆಸರು ಕೂಗೋದು ಬೇರೆ. ಅಲ್ಲಿರೋದು ನಮ್ಮಪ್ಪನ ಹೆಸ್ರು."

"ನಿಮ್ಮಪ್ಪನ್ನ ಹೋಟೆಲಿಂದ ಹೊರಗೆ ಹಾಕಿದ್ರು. ಇವ್ರನ್ನ ದೇಶದಿಂದ ಹೊರಗೆ ಹಾಕಿದ್ರು."

"ನಮ್ಮಪ್ಪ ಏನೂ ತಪ್ಪು ಮಾಡಿರ್ಲಿಲ್ಲ ಕಣಯ್ಯ."

"ಇಲ್ಲ. ನಾವು ಮಾಡಿದ್ವಿ" ಎಂದ ಎವರಿಸ್ತೋ. "ಅದನ್ನ ಯಾರೂ ಅಳಿಸಿ ಅಂತ ಕೇಳ್ತಿಲ್ಲ. ಹೆಸರು ಕೂಗಿ ಅಂತ ಕೇಳ್ತಿದ್ದೀನಿ."

ಫೌಸ್ತೀನೋ ಗಾಲಿಕುರ್ಚಿಯನ್ನು ತಿರುಗಿಸಿಕೊಂಡು ಹೋದ. ಎರ್ಲಿಂಡಾ ಅವನ ಮನೆಗೆ ಎಷ್ಟು ಸಲ ಅಲೆದಳೋ, ಏನು ಹೇಳಿದಳೋ. ಸಭೆಯ ದಿನ ಅವನೇನೂ ಅಡ್ಡ ಮಾತಾಡದೆ ಮೊದಲ ಸಾಲಿನಲ್ಲಿ ಕುಳಿತಿದ್ದ.

ಎರ್ಲಿಂಡಾ ಕೂಗತೊಡಗಿದಳು. ಒಂದೊಂದು ಹೆಸರಿಗೂ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಒಟ್ಟಾಗಿ ದನಿಗೂಡಿಸುತ್ತಿದ್ದರು, ಸಭಾಂಗಣ ತುಂಬುತ್ತಿತ್ತು. ನಿಕಾನೋರ್ ಬುಸ್ತಿಯೋಸ್ ಎಂಬ ಹೆಸರು ಬಂದಾಗ ಎವರಿಸ್ತೋ ಒಂದು ಕ್ಷಣ ತಡಮಾಡಿದ. ಅಕ್ಕಪಕ್ಕದಿಂದ ಇನ್ನೂ ಒಂದು ದನಿ ಬಂದೀತೆಂದು ಕಾದನೇನೋ. ಬರಲಿಲ್ಲ. "ಹಾಜರ್" ಎಂದ. ಮಾತು ಮುಂದಿನ ಕುರ್ಚಿಗಳವರೆಗೂ ಹೋಗಲಿಲ್ಲ. ತಾಚೋನ ಹೆಸರಿಗೆ ಸ್ವಲ್ಪ ಗಟ್ಟಿಯಾಗಿ ಹೇಳಿದ. ಅಷ್ಟು ಜನರ ನಡುವೆ ತನ್ನ ಒಂಟಿ ದನಿ ತನಗೇ ಕೇಳಿಸಿ, ನಾಚಿಕೆಯಾದಂತಾಗಿ ತಲೆ ತಗ್ಗಿಸಿದ. ಎರ್ಲಿಂಡಾ ಮುಂದಿನ ಹೆಸರು ಕೂಗಿದಳು.

ಈಗ ಎವರಿಸ್ತೋ ಎಲ್ ಪಾಸೋದಲ್ಲಿ ವಯಸ್ಸಾದವರ ವಸತಿಗೃಹದ ಒಂದು ಕೋಣೆಯಲ್ಲಿದ್ದಾನೆ. ಸೈನಿಕರ ಆಸ್ಪತ್ರೆಯಲ್ಲಿ ಕಿವಿಗೆ ಯಂತ್ರ ಕೊಟ್ಟಿದ್ದಾರೆ, ಕೊರೆತ ನಿಂತಿಲ್ಲ. ನೆರೆಯವರು ಸಿಕ್ಕರೆ ನಮಸ್ಕಾರ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಇಲ್ಲಿ ಅವನನ್ನು ಬೋರ್ಡಿನವನೇ ಎಂದು ಕೂಗಿ ಕರೆಯುವವರಿಲ್ಲ. ಶನಿವಾರ ಬಂದರೆ ಬೆಳಿಗ್ಗೆಯೇ ಎದ್ದು, ಪಂಕ್ಚರ್ ಅಂಗಡಿಯ ಹಿಂದಿನ ಕೋಣೆಯ ಕೀಲಿ ಜೇಬಿನಲ್ಲಿದೆಯೇ ನೋಡಿಕೊಂಡು, ಸೇತುವೆ ದಾಟಿ ಹ್ವಾರೆಸ್‌ಗೆ ಹೋಗುತ್ತಾನೆ. ಕಸ ಗುಡಿಸಿ, ಕಾಫಿಗಿಟ್ಟು, ಬಾಗಿಲು ತೆರೆದಿಟ್ಟು ಕೂರುತ್ತಾನೆ. ಒಮ್ಮೊಮ್ಮೆ ಆಚೆಯಿಂದ ಹೊರದಬ್ಬಿಸಿಕೊಂಡ ಹೊಸಬನೊಬ್ಬ ಬರುತ್ತಾನೆ, ಬಹಳ ಸಲ ಯಾರೂ ಬರುವುದಿಲ್ಲ.

ಎರ್ಲಿಂಡಾಳಿಗೆ ಈಗ ನಡೆಯಲಾಗುವುದಿಲ್ಲ, ಮಧ್ಯಾಹ್ನ ಫೋನ್ ಮಾಡುತ್ತಾಳೆ.

"ಬಂದ್ರೇನೋ ಯಾರಾದ್ರೂ?"

"ಇಲ್ಲ ಡೋನ್ಯಾ."

"ಯಾರೂ ಬರದೇ ಇದ್ರೆ ಒಳ್ಳೇದೇ ಅಲ್ವೇನೋ? ಯಾರನ್ನೂ ಎಸೆದಿಲ್ಲ ಅಂತಾಯ್ತು."

"ಹೌದು. ಒಳ್ಳೇದೇ" ಎನ್ನುತ್ತಾನೆ.

ಫೋನ್ ಇಟ್ಟು, ಕಾಫಿ ಬಿಸಿ ಮಾಡಿಕೊಂಡು, ಕತ್ತಲಾಗುವವರೆಗೆ ಬೀದಿಯ ಕಡೆ ನೋಡುತ್ತ ಕುಳಿತಿರುತ್ತಾನೆ.